ಒಂಟಿ ದೋಣಿಯಲ್ಲಿ ಎಷ್ಟು ಜನ?

ಇವತ್ತು ಒಂದು ತಿದ್ದುಪಡಿಯಿಂದ ಶುರು ಮಾಡ್ತೀನಿ ವೀಕ್ಷಕರೇ. ತಪ್ಪು ನನ್ನದೇ.

ಬೆಂಗಳೂರಲ್ಲಿ ಹುಟ್ಟಿ ಬ್ರಿಟನ್‌ನಲ್ಲಿ ಬೆಳೆದ ಅನನ್ಯಾ ಪ್ರಸಾದ್ ಒಬ್ಬರೇ ಹುಟ್ಟು ಹಾಕಿ ಅಟ್ಲಾಂಟಿಕ್ ದಾಟಿದ ಸುದ್ದಿಯನ್ನು ಓದಿದವನು ನಾನು. ಅವರು ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. 2024ರ ಡಿಸೆಂಬರ್‌ನಲ್ಲಿ ಕ್ಯಾನರಿ ದ್ವೀಪಗಳ ಲಾ ಗೊಮೇರಾದಿಂದ ಹೊರಟವರು 52 ದಿನದಲ್ಲಿ ಸುಮಾರು 4,800 ಕಿಲೋಮೀಟರ್ ದಾಟಿ ಕೆರಿಬಿಯನ್‌ನ ಆಂಟಿಗುವಾ ಮುಟ್ಟಿದರು. ಓದುವ ಜೋಶ್‌ನಲ್ಲಿ ಸ್ಕ್ರಿಪ್ಟ್‌ನಲ್ಲಿ ಇಲ್ಲದ ಒಂದು ಮಾತು ಸೇರಿಸಿಬಿಟ್ಟೆ: "ಯಾರ ನೆರವೂ ಇಲ್ಲದೆ!"

ಸ್ಟುಡಿಯೋದಿಂದ ಹೊರಗೆ ಬಂದ್ರೆ ಬಂಗಾರಪೇಟೆಯಿಂದ ಅಪ್ಪನ ಫೋನ್. "ನಿಮ್ಮ ತಾತ ಇದ್ದಿದ್ರೆ ಟಿವಿ ಆಫ್ ಮಾಡ್ತಿದ್ರು ಕಣೋ" ಅಂದ್ರು.

ತಾತ ಕೆಜಿಎಫ್‌ನಲ್ಲಿ ಗಣಿಗೆ ಇಳೀತಿದ್ದವರು. ಬಂಡೆಗೆ ಮರದ ಆಸರೆ ಕೊಡೋ ಕೆಲಸ. ಒಬ್ಬ ದಿಮ್ಮಿ ಹಿಡೀಬೇಕು, ಇನ್ನೊಬ್ಬ ಬಿಗೀಬೇಕು. ಹನ್ನೊಂದು ವರ್ಷ ಒಬ್ಬನೇ ಜೊತೆಗಾರ. ಒಂದು ದಿನ 'ಏರ್‌ಬ್ಲಾಸ್ಟ್' ಆಯ್ತು. ಆಳದ ಒತ್ತಡಕ್ಕೆ ಬಂಡೆ ಸಿಡಿಯೋದನ್ನ ನಮ್ಮ ಕಡೆ ಹಾಗೇ ಕರೀತಾರೆ. ಊರಿನ ಮನೆಗಳೂ ನಡುಗುತ್ತಿದ್ದವು. ಆವತ್ತು ತಾತ ಮೇಲೆ ಬಂದ್ರು, ಜೊತೆಗಾರ ಬರಲಿಲ್ಲ. ಆಮೇಲೆ ಯಾರಾದ್ರೂ "ನೀನು ಧೈರ್ಯವಂತ" ಅಂದ್ರೆ ತಾತನಿಗೆ ಸಿಟ್ಟು ಬರ್ತಿತ್ತಂತೆ.

ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕೋ ಚಟ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರ್‌ಗೂ ಹೆಚ್ಚು. ಅಟ್ಲಾಂಟಿಕ್‌ನ ಸರಾಸರಿ ಆಳವೂ ಮೂರು ಕಿಲೋಮೀಟರ್‌ಗೂ ಹೆಚ್ಚು. ಒಬ್ಬರು ಅಷ್ಟು ಆಳದ ನೀರಿನ ಮೇಲೆ ತೇಲ್ತಾರೆ, ಇನ್ನೊಬ್ಬರು ಅಷ್ಟೇ ಆಳದ ಬಂಡೆಯೊಳಗೆ ಇಳೀತಾರೆ. ಇಬ್ಬರಿಗೂ ಬೇಕಾದದ್ದು ಏನು?

ಉತ್ತರಕ್ಕೆ 1896ಕ್ಕೆ ಹೋಗೋಣ. ಜಾರ್ಜ್ ಹಾರ್ಬೊ, ಫ್ರಾಂಕ್ ಸ್ಯಾಮುಯೆಲ್ಸನ್. ಅಮೆರಿಕಕ್ಕೆ ವಲಸೆ ಬಂದ ನಾರ್ವೆಯವರು, ಚಿಪ್ಪುಮೀನು ತೆಗೆದು ಬದುಕುತ್ತಿದ್ದವರು. ಹುಟ್ಟು ಅವರಿಗೆ ಅನ್ನ ಕೊಟ್ಟ ಕಸುಬು. ಜೂನ್ 6ರಂದು ನ್ಯೂಯಾರ್ಕ್‌ನಿಂದ ಹೊರಟರು. 18 ಅಡಿಯ ದೋಣಿ, ಹೆಸರು 'ಫಾಕ್ಸ್'. ಹಾಯಿಪಟ ಇಲ್ಲ, ಎಂಜಿನ್ ಇಲ್ಲ. ಹಗಲು ಇಬ್ಬರೂ ಹುಟ್ಟು ಹಾಕೋದು, ರಾತ್ರಿ ಸರದಿ. ಜುಲೈನಲ್ಲಿ ಒಂದು ರಾತ್ರಿ ಅಲೆಗೆ ದೋಣಿಯೇ ಮಗುಚಿತು. ತಳಕ್ಕೆ ಮೊದಲೇ ಹಿಡಿಕಂಬಿ ಹಾಕಿಸಿದ್ದರು. ಅದನ್ನು ಹಿಡಿದು ಇಬ್ಬರೂ ಸೇರಿ ದೋಣಿಯನ್ನು ಎತ್ತಿ ಮಗುಚಿದರು. ಆಹಾರ ನೀರುಪಾಲು. ಕೆಲವು ದಿನದ ನಂತರ ಸಿಕ್ಕ ನಾರ್ವೆಯ ಹಡಗೊಂದು ಊಟ, ನೀರು ಕೊಟ್ಟಿತು. 55ನೇ ದಿನ ಇಂಗ್ಲೆಂಡಿನ ಸಿಲಿ ದ್ವೀಪ ಸೇರಿದರು. ಹುಟ್ಟು ಹಾಕಿ ಸಾಗರ ದಾಟಿದ ಮೊದಲಿಗರು ಅವರು. ಅವರ ವೇಗದ ದಾಖಲೆ ಮುರಿಯೋಕೆ 2010 ಬರಬೇಕಾಯ್ತು, ಅದೂ ನಾಲ್ಕು ಜನರ ತಂಡ!

ಆ ಸಿಲಿ ದ್ವೀಪ ಇರೋದು ಕಾರ್ನ್‌ವಾಲ್ ತೀರದ ಎದುರು. ಅದೇ ಕಾರ್ನ್‌ವಾಲ್‌ನಿಂದಲೇ ಜಾನ್ ಟೇಲರ್ ಅಂಡ್ ಸನ್ಸ್ ಕಾಲದಲ್ಲಿ ಗಣಿ ಕೆಲಸದ ಪಳಗಿದ ಕೈಗಳು ಸಮುದ್ರ ದಾಟಿ ಕೆಜಿಎಫ್‌ಗೆ ಬಂದಿದ್ದು. ಆಗಿನ ಬೌರಿಂಗ್‌ಪೇಟೆಯಿಂದ, ಅಂದ್ರೆ ನಮ್ಮ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂದದ್ದು 1894ರಲ್ಲಿ, ಹಾರ್ಬೊ ಹೊರಡೋಕೆ ಎರಡು ವರ್ಷ ಮೊದಲು.

ನಮ್ಮ ದೇಶದಲ್ಲೂ ಅಂಥ ಜೋಡಿ ಇತ್ತು. 1969ರಲ್ಲಿ ಪಿನಾಕಿ ಚಟರ್ಜಿ, ಜಾರ್ಜ್ ಆಲ್ಬರ್ಟ್ ಡ್ಯೂಕ್ ಕಲ್ಕತ್ತಾದಿಂದ ಅಂಡಮಾನ್‌ಗೆ 'ಕಾನ್ಹೋಜಿ ಆಂಗ್ರೆ' ಅನ್ನೋ ದೋಣಿಯಲ್ಲಿ ಹುಟ್ಟು ಹಾಕಿಕೊಂಡೇ ಹೋದರು.

ಹಾಗಾದ್ರೆ ಒಬ್ಬರೇ ಹೋದ ಅನನ್ಯಾ? ನಡುನೀರಲ್ಲಿ ಚುಕ್ಕಾಣಿ ಕೆಟ್ಟಾಗ ಪಕ್ಕದಲ್ಲಿ ಯಾರೂ ಇರಲಿಲ್ಲ, ನಿಜ. ಆ ಧೈರ್ಯಕ್ಕೆ ಸಲಾಂ. ಆದ್ರೆ ವರ್ಷಗಟ್ಟಲೆ ತರಬೇತಿ ಕೊಟ್ಟವರು, ಹಗಲು ರಾತ್ರಿ ದೋಣಿಯ ಜಾಡು ನೋಡ್ತಾ ಕೂತವರು ದಡದಲ್ಲಿದ್ದರು. ಅವರ ಯಾನವೂ ತನಗಾಗಿ ಮಾತ್ರ ಆಗಿರಲಿಲ್ಲ. ಚಾಮರಾಜನಗರದ ದೀನಬಂಧು ಸಂಸ್ಥೆಗೆ, ಬ್ರಿಟನ್‌ನ ಮಾನಸಿಕ ಆರೋಗ್ಯ ಸಂಸ್ಥೆಗೆ ಹಣ ಕೂಡಿಸಲೆಂದೇ ಹೊರಟಿದ್ದರು.

ನಮಗೆ ಟಿವಿಯವರಿಗೆ ಒಂಟಿ ವೀರರು ಬೇಕು. ಸ್ಕ್ರೀನ್ ಮೇಲೆ ಒಂದು ಮುಖ ಚೆನ್ನಾಗಿ ಕೂರುತ್ತೆ. ದಿಮ್ಮಿ ಹಿಡಿದವನ ಮುಖಕ್ಕೆ ಜಾಗ ಸಿಗಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆವತ್ತು ತಾತ ಹೋಗಿ ನಿಂತಿದ್ದು ಗಣಿ ಗೇಟಿನ ಮುಂದಲ್ಲ, ಜೊತೆಗಾರನ ಮನೆ ಬಾಗಿಲಲ್ಲಿ. ನಾನಾಗ ಹುಡುಗ. ಯಾಕೆ ಅಂತ ಕೇಳಿದ್ದೆ. "ಕೆಲಸ ಮುಗೀತು ಅಂತ ಅವನಿಗೆ ಹೇಳ್ಬೇಕಲ್ಲ" ಅಂದ್ರು.

"ಯಾರ ನೆರವೂ ಇಲ್ಲದೆ" ಅನ್ನೋ ಆ ಮಾತನ್ನ ವಾಪಸ್ ತಗೋತಿದ್ದೀನಿ.