ಅಗತ್ಯ ಯಾರದು?

ಮೊನ್ನೆ ಆಸ್ಪತ್ರೆಯೊಂದರ ಕೌಂಟರಿನಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರಿಗೆ ಒಳಗಿನ ಹುಡುಗಿ, ‘ಸರ್, ಯೂ ನೀಡ್ ಟು ಪೇ ಫಸ್ಟ್’ ಅಂದಳು. ಅವರು ಕನ್ನಡಕ ಸರಿಮಾಡಿಕೊಂಡು, ‘ಅಗತ್ಯ ನನಗಲ್ಲಮ್ಮ, ನಿಮಗೆ’ ಅಂದರು. ಆ ಮಾತು ನನ್ನ ಜೊತೆ ಮನೆತನಕ ಬಂತು.

ಅವರು ಹೇಳಿದ್ದು ಸರಿ. ‘ಮಸ್ಟ್’ನಲ್ಲಿ ಹೇಳುವವನ ಅಪ್ಪಣೆಯಿದೆ, ‘ಹ್ಯಾವ್ ಟು’ನಲ್ಲಿ ಹೊರಗಿನ ಕಟ್ಟಳೆಯಿದೆ, ‘ಷುಡ್’ನಲ್ಲಿ ಹಿತವಚನವಿದೆ. ‘ನೀಡ್’ ಮಾತ್ರ ಕೇಳುವವನ ಕೊರತೆ. ನಮ್ಮ ‘ಬೇಕು’ ಇವೆಲ್ಲವನ್ನೂ ಒಂದೇ ಚೀಲದಲ್ಲಿ ಹೊರುತ್ತದೆ: ಕಾಫಿ ಬೇಕು, ದುಡ್ಡು ಕಟ್ಟಬೇಕು. ಆದರೆ ಇಲ್ಲವೆನ್ನುವಾಗ ಕನ್ನಡವೂ ಬಲು ಖಚಿತ. ‘ಹೋಗಬೇಕಿಲ್ಲ’ ಬಿಡುಗಡೆ, ‘ಹೋಗಬಾರದು’ ನಿಷೇಧ. ಇಂಗ್ಲಿಷಿನ ‘ಡೋಂಟ್ ಹ್ಯಾವ್ ಟು’, ‘ಮಸ್ಟ್ ನಾಟ್’ಗಳ ನಡುವೆ ಇರುವುದೂ ಇದೇ ಅಂತರ.

‘ಮಸ್ಟ್’ನ ಬೇರಿಗೆ ಹಳೆಯ ಇಂಗ್ಲಿಷಿನಲ್ಲಿ ‘ಅನುಮತಿಯಿದೆ’ ಎಂಬ ಅರ್ಥವಿತ್ತು. ಅನುಮತಿ ಅಪ್ಪಣೆಯಾದದ್ದು ದೊಡ್ಡವರ ಬಾಯಲ್ಲೇ ಎಂಬುದು ನನ್ನ ವಾದ. ಮೇಷ್ಟ್ರು ‘ನೀನಿನ್ನು ಹೋಗಬಹುದು’ ಅಂದಮೇಲೆ ಯಾವ ಹುಡುಗ ಕೂತಾನು?

ಇಂಗ್ಲಿಷಿನಲ್ಲೊಂದು ಹಳೆಯ ಗಾದೆಯಿದೆ: ‘ನೀಡ್ಸ್ ಮಸ್ಟ್ ವೆನ್ ದ ಡೆವಿಲ್ ಡ್ರೈವ್ಸ್.’ ಸೈತಾನ ಗಾಡಿ ಹೊಡೆಯುವಾಗ ಓಡದೆ ವಿಧಿಯಿಲ್ಲ. ಷೇಕ್ಸ್‌ಪಿಯರನ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ ನಾಟಕದ ವಿದೂಷಕನೂ ಇದನ್ನು ಆಡುತ್ತಾನೆ. ಎರಡು ಪದಗಳೂ ಅಲ್ಲಿ ಒಂದೇ ನೊಗಕ್ಕೆ ಹೆಗಲು ಕೊಟ್ಟಿವೆ. ನಾವಾದರೋ ‘ಕಾರ್ಯವಾಸಿ ಕತ್ತೆಕಾಲು’ ಅನ್ನುತ್ತೇವೆ. ಅಲ್ಲಿ ಲಗಾಮು ಸೈತಾನನ ಕೈಲಿ. ಇಲ್ಲಿ ಕತ್ತೆಯ ಕಾಲು ನಮ್ಮದೇ ಕೈಲಿ. ಗರಜು ನನ್ನದಾದ್ದರಿಂದ ನಾನೇ ಬಗ್ಗಿದ್ದೇನೆ. ‘ಮಸ್ಟ್’ ಮತ್ತು ‘ನೀಡ್’ ಬೇರೆಯಾಗುವುದು ಈ ಜಾಗದಲ್ಲೇ.

ಈಗ ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಫೋನಿನಲ್ಲಿ ಎಲ್ಲೆಲ್ಲೂ ‘ನೀಡ್ ಟು’. ವಿನಯ ಅಂದುಕೊಂಡು ಆಡುತ್ತಾರೆ. ಅಪ್ಪಣೆ ಕೊಟ್ಟವರು ಹಿಂದೆ ಸರಿಯುತ್ತಾರೆ, ಹೊರೆ ಕೇಳಿಸಿಕೊಂಡವರ ತಲೆಗೆ ಬರುತ್ತದೆ. ಕಾನೂನಿನವರು ಈ ವಿಷಯದಲ್ಲಿ ಮೇಲು. ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳನ್ನು 2007ರಲ್ಲಿ ತಿದ್ದಿ ಬರೆದಾಗ, ಹಲವು ಅರ್ಥಕ್ಕೆ ಎಡೆಕೊಡುತ್ತಿದ್ದ ‘ಶಲ್’ ಬಿಟ್ಟು, ಕಡ್ಡಾಯವಿದ್ದಲ್ಲಿ ‘ಮಸ್ಟ್’ ಎಂದೇ ಬರೆದರು. ನಮ್ಮ ಕಾನೂನು ಪುಸ್ತಕಗಳ ‘ತಕ್ಕದ್ದು’ ಕಿವಿಗೆ ಒರಟು, ಆದರೆ ಪ್ರಾಮಾಣಿಕ.

ಕೌಂಟರಿನಲ್ಲಿ ಕೂತವರಲ್ಲಿ ನನ್ನದೊಂದು ಬೇಡಿಕೆ. ‘ಇಲ್ಲಿ ಮೊದಲೇ ಕಟ್ಟಬೇಕು ಸರ್, ಇದು ನಮ್ಮ ನಿಯಮ’ ಅನ್ನಿ. ನಮಗೆ ಏನು ಅಗತ್ಯ ಎಂಬುದನ್ನು ನಾವೇ ಹೇಳುತ್ತೇವೆ.