ಸತ್ತಮಾ ಪಡಿಂಗ ಸಾರ್!

ಮೊನ್ನೆ ಮಾಂಬಲಂ ಸ್ಟೇಷನ್ ಪಕ್ಕದ ಕಾಫಿ ಅಂಗಡಿಯಲ್ಲಿ 20 ರೂಪಾಯಿ ಸ್ಕ್ಯಾನ್ ಮಾಡಿ ಕಳಿಸಿದೆ. ಗಲ್ಲಾಪೆಟ್ಟಿಗೆಯ ಮೇಲಿದ್ದ ಪುಟ್ಟ ಡಬ್ಬಿ ತಮಿಳಿನಲ್ಲಿ "ಇರುಬದು ರೂಬಾಯ್" ಅಂತ ಕೂಗಿತು. ಅಂಗಡಿಯಾತ ತಲೆ ಎತ್ತಲಿಲ್ಲ. ಎರಡೂ ಕೈಯಲ್ಲಿ ಡಬರಾ, ಲೋಟ ಹಿಡಿದು ಕಾಫಿ ಎತ್ತಿ ಹೊಯ್ಯುತ್ತಿದ್ದ. ಕಣ್ಣು ಕಾಫಿಯ ಮೇಲೆ, ಕಿವಿ ದುಡ್ಡಿನ ಮೇಲೆ! ನನಗೆ ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಸಾಗರದ ಕಡೆಯವನಾದ ನಾನು ಈ ತಮಿಳುನಾಡಿಗೆ ಬಂದು ಎರಡು ದಶಕ ದಾಟಿದೆ. ತಮಿಳು ಮಾತಾಡುತ್ತೇನೆ, ಜಗಳವನ್ನೂ ಆಡಬಲ್ಲೆ. ಆದರೆ ಓದು ಅಂದರೆ ಇವತ್ತಿಗೂ ಬಸ್ಸಿನ ಬೋರ್ಡಿನಷ್ಟೇ, ಅದೂ ಬಸ್ಸು ನಿಂತಿದ್ದರೆ ಮಾತ್ರ. ಕೇಳಿದರೆ ಅರ್ಥವಾಗುತ್ತದೆ, ಅಂಕಿ ಕಂಡರೆ ಗೊತ್ತಾಗುತ್ತದೆ, ಅಕ್ಷರ ಮಾತ್ರ ಕೈಕೊಡುತ್ತದೆ. ಬೇರೆ ಊರಿನಲ್ಲಿ ನೆಲೆಸಿರುವ ನಿಮ್ಮಲ್ಲಿ ಬಹಳ ಮಂದಿಯ ಕಥೆಯೂ ಇದೇ ಇರಬಹುದು. ಈ ಅರೆಬರೆ ಸ್ಥಿತಿಗೂ ಇವತ್ತು ಹೇಳಹೊರಟಿರುವ ಇತಿಹಾಸಕ್ಕೂ ಸಂಬಂಧ ಇದೆ.

ನಾನು ಗುಮಾಸ್ತನಾಗಿ ಸೇರಿದ್ದು 1990ರಲ್ಲಿ. ಆಗ ಬ್ಯಾಂಕು ಅಂದರೆ ಗದ್ದಲ. ಸಂಜೆ ಬಾಗಿಲು ಹಾಕಿದ ಮೇಲೆ ಒಬ್ಬ ಲೆಡ್ಜರು ಹಿಡಿದು ಗಟ್ಟಿಯಾಗಿ ಓದುವುದು, ಎದುರಿಗೆ ಕೂತವನು ವೋಚರು ನೋಡಿ ಪೆನ್ಸಿಲಿನಲ್ಲಿ ಟಿಕ್ ಹಾಕುವುದು. ಕಾಲಿಂಗ್ ಓವರ್ ಅನ್ನುತ್ತಿದ್ದರು. ಲೆಕ್ಕ ತಾಳೆಯಾಗದಿದ್ದರೆ, ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ನೋಡು ಅಂತ ಹಿರಿಯರು ಹೇಳಿಕೊಟ್ಟಿದ್ದರು. ಭಾಗವಾದರೆ ಯಾರೋ ಅಂಕಿ ಅದಲುಬದಲು ಮಾಡಿದ್ದಾರೆ ಅಂತ ಅನುಮಾನ. 540 ಇರಬೇಕಾದಲ್ಲಿ 450 ಬರೆದರೆ ವ್ಯತ್ಯಾಸ 90. ಕಣ್ಣಿಗೆ 540, 450 ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಕಿವಿಗೆ "ಐನೂರ ನಲವತ್ತು" ಬೇರೆ, "ನಾನೂರ ಐವತ್ತು" ಬೇರೆ. ಬಿ.ಕಾಂ.ನಲ್ಲಿ ಯಾರೂ ಹೇಳಿಕೊಡದ ಪಾಠ ಇದು: ಲೆಕ್ಕಕ್ಕೆ ಕಣ್ಣೊಂದೇ ಸಾಕ್ಷಿಯಲ್ಲ, ಕಿವಿಯೂ ಬೇಕು.

ಆಮೇಲೆ ಯಂತ್ರ ಬಂತು. ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿಗಳು 1984ರಲ್ಲಿ ಒಮ್ಮೆ, 1989ರಲ್ಲಿ ಇನ್ನೊಮ್ಮೆ ವರದಿ ಕೊಟ್ಟವು. ಲೆಡ್ಜರ್ ಪೋಸ್ಟಿಂಗ್ ಮಷೀನು, ನಂತರ ಬ್ರಾಂಚಿಡೀ ಕಂಪ್ಯೂಟರು, ಕೊನೆಗೆ ಕೋರ್ ಬ್ಯಾಂಕಿಂಗ್. ಕೆಲಸ ಹಗುರಾಯಿತು, ಸುಳ್ಳು ಹೇಳಬಾರದು. ಆದರೆ ಜೊತೆಗೆ ಒಂದು ನಷ್ಟವೂ ಆಯಿತು, ಆಗ ಯಾರಿಗೂ ಹೊಳೆಯಲಿಲ್ಲ. ಬ್ಯಾಂಕು ಮೌನವಾಯಿತು. ಒಬ್ಬನೇ ನೋಡುವುದು, ಒಬ್ಬನೇ ಒತ್ತುವುದು.

2002. ಆಫೀಸರ್ ಆಗಿ ಬಡ್ತಿ ಸಿಕ್ಕಿ ಮದುರೈ ಸೀಮೆಯ ಒಂದು ಹಳ್ಳಿ ಬ್ರಾಂಚಿಗೆ ಬಿದ್ದಿದ್ದೆ. (ಬ್ಯಾಂಕಿನ ಹೆಸರು ಬೇಡ, ತಪ್ಪು ನನ್ನದು.) ಸ್ತ್ರೀಯರ ಸ್ವಸಹಾಯ ಗುಂಪುಗಳ ಖಾತೆಗಳೇ ರಾಶಿ. ಹೆಸರೆಲ್ಲ ಹೂವಿನದ್ದು: ಮಲ್ಲಿಗೈ, ತಾಮರೈ, ರೋಜಾ. ಒಂದು ದಿನ ಮಲ್ಲಿಗೈ ಗುಂಪಿನ ಸಾಲದ ಕಂತು 1,840 ರೂಪಾಯಿ ಬಂತು. ಚಲನ್ ತಮಿಳಿನಲ್ಲಿತ್ತು, ಖಾತೆ ಸಂಖ್ಯೆಯ ಒಂದು ಅಂಕಿ ಅಳಿಸಿಹೋಗಿತ್ತು. ಮಲ್ಲಿಗೈ ಅಂತ ಎರಡು ಊರಿನಲ್ಲಿ ಎರಡು ಗುಂಪು. ಊರಿನ ಹೆಸರು ಓದಲು ನನಗೆ ಬರಲಿಲ್ಲ, ಪಕ್ಕದವರನ್ನು ಕೇಳಲು ನಾಚಿಕೆ. ಅಂದಾಜಿನ ಮೇಲೆ ಪಾಸು ಮಾಡಿದೆ. ಇನ್ನೊಂದು ಮಲ್ಲಿಗೈಗೆ ಜಮೆಯಾಯಿತು.

ಕೆಲವು ವಾರದ ನಂತರ ಆ ಗುಂಪಿನ ಕಾರ್ಯದರ್ಶಿ ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು ಬಂದರು. ಕೈಯಲ್ಲಿ ಕಂತು ಬಾಕಿ ಇದೆ ಅನ್ನುವ ನೋಟೀಸು. ಸಹಿ ಮಾಡಲು ಬರುತ್ತಿತ್ತು, ಅಂಕಿ ಗೊತ್ತಿತ್ತು, ಓದು ಅಷ್ಟಕ್ಕಷ್ಟೆ. ನಾನು ಪಾಸ್‌ಬುಕ್ ಪ್ರಿಂಟ್ ಮಾಡಿ ಕೊಟ್ಟೆ. ಆಕೆ ಅದನ್ನು ನನ್ನ ಕಡೆಗೇ ತಿರುಗಿಸಿ, "ಸತ್ತಮಾ ಪಡಿಂಗ ಸಾರ್" ಅಂದರು. ನಮ್ಮ ಕಿವಿಗೆ "ಸತ್ತ" ಅಂದರೆ ಅಪಶಕುನ. ತಮಿಳಿನಲ್ಲಿ ಸತ್ತಂ ಅಂದರೆ ಶಬ್ದ. ಗಟ್ಟಿಯಾಗಿ ಓದಿ ಅಂದಿದ್ದರು ಅಷ್ಟೆ. ನಾನು ಒಂದೊಂದೇ ಸಾಲು ಓದಿದೆ, ಆಕೆ ಗುಂಪಿನ ನೋಟ್‌ಬುಕ್ಕಿನಲ್ಲಿ ಬೆರಳಿಟ್ಟುಕೊಂಡು ಹೋದರು. ಮೂರು ಸಾಲು ಸರಿಹೋಯಿತು. ನಾಲ್ಕನೆಯದಕ್ಕೆ ಬೆರಳು ನಿಂತಿತು.

ತಪ್ಪು ತಿದ್ದಲು ಹತ್ತು ನಿಮಿಷ ಸಾಕಾಯಿತು. ಆದರೆ ನೋಟೀಸು ಬಂದಾಗಿನಿಂದ ಗುಂಪಿನ ಉಳಿದ ಹೆಂಗಸರು ದುಡ್ಡು ಈಕೆಯೇ ತಿಂದಿದ್ದಾಳೆ ಅಂದುಕೊಂಡಿದ್ದರಂತೆ. ಅದನ್ನು ತಿದ್ದಲು ನನ್ನ ಬಳಿ ಯಾವ ವೋಚರೂ ಇರಲಿಲ್ಲ.

ಈ ಗುಂಪುಗಳ ಲೆಕ್ಕ ಎಷ್ಟು ಸೂಕ್ಷ್ಮ ಅನ್ನುವುದು ಅವತ್ತು ತಿಳಿಯಿತು. ಇವಕ್ಕೆ ನಮ್ಮ ಕರ್ನಾಟಕದ ನಂಟೂ ಇದೆ. 1980ರ ದಶಕದ ಮಧ್ಯದಲ್ಲಿ ಮೈರಾಡ ಸಂಸ್ಥೆ ನಮ್ಮಲ್ಲಿ ಸಣ್ಣ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸಿತು. ತಮಿಳುನಾಡಿನಲ್ಲಿ 1989ರಲ್ಲಿ ಧರ್ಮಪುರಿಯಿಂದ ಶುರುವಾಯಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. ಅಲ್ಲಿಂದಾಚೆ ಗುಂಪುಗಳು ಲಕ್ಷಗಟ್ಟಲೆ ಆದವು. ಲೆಕ್ಕ ಮಾತ್ರ ಕಾಗದದಲ್ಲೇ ಉಳಿಯಿತು. ಹಳ್ಳಿಯಲ್ಲಿ ಬರೆದ ಹಾಳೆ ಪಟ್ಟಣಕ್ಕೆ ಹೋಗಬೇಕು, ಅಲ್ಲಿ ಯಾರೋ ಕಂಪ್ಯೂಟರಿಗೆ ತುಂಬಬೇಕು, ತಪ್ಪಿದ್ದರೆ ಅದು ಗೊತ್ತಾಗುವ ಹೊತ್ತಿಗೆ ಬರೆದವರಿಗೇ ಮರೆತುಹೋಗಿರುತ್ತದೆ.

ಹಾಗಾದರೆ ಲೆಕ್ಕವನ್ನು ಹುಟ್ಟಿದ ಜಾಗದಲ್ಲೇ ಯಂತ್ರಕ್ಕೆ ಹಾಕಿದರೆ? ಈ ಯೋಚನೆ ಮಾಡಿದವರಲ್ಲಿ ಮೊದಲಿಗರು ನಮ್ಮ ಬೆಂಗಳೂರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್ ನೆನಪಿದೆಯಾ? ಅಂಗೈ ಅಗಲದ ಯಂತ್ರ. ಓದಲು ಬಾರದವರಿಗೆ ಯಂತ್ರವೇ ಓದಿ ಹೇಳಬೇಕು ಅನ್ನುವುದು ಅದರ ಮೂಲ ಆಸೆ. ಅದಕ್ಕಾಗಿ ಹುಟ್ಟಿದ "ಧ್ವನಿ" ತಂತ್ರಾಂಶ ಕನ್ನಡ ಮಾತಾಡುತ್ತಿತ್ತು. 2004ರಲ್ಲಿ ಬಿಇಎಲ್ ಜೊತೆಗೂಡಿ ಮಾರುಕಟ್ಟೆಗೂ ಬಿಟ್ಟರು. ಅಷ್ಟರಲ್ಲಿ ಮೊಬೈಲು ಅಗ್ಗವಾಗಿ ಎಲ್ಲರ ಜೇಬಿಗೆ ಬಂದಾಗಿತ್ತು. ಸಿಂಪ್ಯೂಟರ್ ಮೂಲೆ ಸೇರಿತು. ಅದರ ಆಸೆ ಮಾತ್ರ ಸಾಯಲಿಲ್ಲ.

ಅದೇ ಹೊತ್ತಿಗೆ ತಪನ್ ಪಾರಿಖ್ ಎಂಬ ಸಂಶೋಧಕ ಸ್ವಸಹಾಯ ಗುಂಪುಗಳ ಲೆಕ್ಕದ ಬೆನ್ನು ಹತ್ತಿದ್ದರು. 2003ರ ಸುಮಾರಿಗೆ ಅವರೂ ಜೊತೆಗಾರರೂ ಗುಂಪಿನ ಹೆಂಗಸರೊಂದಿಗೆ ಕೂತು ನೋಡಿದಾಗ ಕಂಡದ್ದು ಸರಳ ಸತ್ಯ: ಅಕ್ಷರ ಬಾರದವರಿಗೂ ಅಂಕಿ ಬರುತ್ತದೆ. ನೋಟು ಎಣಿಸುವವರಿಗೆ, ಬಸ್ ನಂಬರು ನೋಡುವವರಿಗೆ ಅಂಕಿ ಬರದೆ ಇರುತ್ತದೆಯೇ? ಹಾಗಿದ್ದರೆ ಪ್ರಶ್ನೆಯನ್ನು ದನಿ ಕೇಳಲಿ, ಉತ್ತರವನ್ನು ಅಂಕಿ ಕೊಡಲಿ.

ಪಾರಿಖ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ ಇದನ್ನು ಕ್ಯಾಮ್ ಅನ್ನುವ ವ್ಯವಸ್ಥೆಯಾಗಿ ಬೆಳೆಸಿದರು. ಅದನ್ನು ಪ್ರಯೋಗಿಸಿದ್ದು ಇದೇ ತಮಿಳುನಾಡಿನ ಹಳ್ಳಿಗಳಲ್ಲಿ. ಅವರು ಕಾಗದವನ್ನು ಓಡಿಸಲಿಲ್ಲ. ಫಾರಂ ಹಾಗೆಯೇ ಇತ್ತು, ಪ್ರತಿ ಕಾಲಮ್ಮಿನ ಪಕ್ಕ ಕಪ್ಪು ಬಿಳುಪಿನ ಪುಟ್ಟ ಚೌಕದ ಗುರುತು. ಇವತ್ತಿನ ಕ್ಯೂಆರ್ ಕೋಡಿನ ದಾಯಾದಿ ಅನ್ನಿ. ಫೋನಿನ ಕ್ಯಾಮೆರಾ ಆ ಗುರುತಿಗೆ ಹಿಡಿದು ಗುಂಡಿ ಒತ್ತಿದರೆ, ಆ ಜಾಗದಲ್ಲಿ ಏನು ತುಂಬಬೇಕು ಅಂತ ಫೋನು ಜನರ ಭಾಷೆಯಲ್ಲೇ ಹೇಳುತ್ತದೆ. ಉಳಿತಾಯ ಎಷ್ಟು? ಅಂಕಿ ಒತ್ತಿ. ಕಂತು ಎಷ್ಟು? ಅಂಕಿ ಒತ್ತಿ. ನೆಟ್‌ವರ್ಕ್ ಇಲ್ಲದಿದ್ದರೂ ತೊಂದರೆ ಇಲ್ಲ, ಸಿಕ್ಕಾಗ ಕಳಿಸಿದರಾಯಿತು. ಸಹಿ, ಹೆಬ್ಬೆಟ್ಟು ಇರುವ ಹಾಳೆ ಹಳ್ಳಿಯಲ್ಲೇ ಉಳಿಯುತ್ತದೆ. ನಮ್ಮ ಜನ ನಂಬುವುದು ಕಾಗದವನ್ನೇ ತಾನೆ? ಅದು ಅವರಿಗೆ ಗೊತ್ತಾಗಿತ್ತು.

ಇಲ್ಲಿ ಕೀಲಿಮಣೆಗೂ ಒಂದು ನಮಸ್ಕಾರ ಸಲ್ಲಬೇಕು. ಒತ್ತುವ ಗುಂಡಿಯ ಫೋನನ್ನು ಅಮೆರಿಕದ ಬೆಲ್ ಕಂಪನಿ 1963ರ ನವೆಂಬರ್ 18ರಂದು ಪೆನ್ಸಿಲ್ವೇನಿಯಾದ ಎರಡು ಊರುಗಳಲ್ಲಿ ಗಿರಾಕಿಗಳಿಗೆ ಕೊಟ್ಟಿತು. ಅದರಲ್ಲಿ 1 ಮೇಲಿನ ಸಾಲಿನಲ್ಲಿ, ನಮ್ಮ ಕ್ಯಾಲ್ಕುಲೇಟರಿನಲ್ಲಿ 7 ಮೇಲೆ. ಬ್ಯಾಂಕಿನವರ ಬೆರಳಿಗೆ ಈ ಫೋನು ಉಲ್ಟಾ, ಕ್ಯಾಲ್ಕುಲೇಟರನ್ನೇ ಮುಟ್ಟದವರಿಗೆ ಸಲೀಸು!

ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಹಳ್ಳಿಯವರು ಬೇಗ ಕಲಿತರು, ತಪ್ಪು ಕಡಿಮೆ, ಕಂಪ್ಯೂಟರಿಗೆ ಹೋಲಿಸಿದರೂ ಹಿಂದೆ ಬೀಳಲಿಲ್ಲ. ಬಳಸಿದವರು ವಿಶೇಷವಾಗಿ ಮೆಚ್ಚಿದ್ದು ಎರಡನ್ನು: ದನಿ ಮತ್ತು ಅಂಕಿ. 400 ಗುಂಪುಗಳಲ್ಲಿ ಪ್ರಾಯೋಗಿಕವಾಗಿ ನಡೆಸುತ್ತಿರುವುದಾಗಿ ಆಗ ಬರೆದಿದ್ದರು. ಮರುವರ್ಷ ಎಂಐಟಿಯ ಟೆಕ್ನಾಲಜಿ ರಿವ್ಯೂ ಪತ್ರಿಕೆ ಪಾರಿಖ್ ಅವರನ್ನು ಗೌರವಿಸಿತು.

2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನ್ನಂಥ ಹಳೇ ಗುಮಾಸ್ತನಿಗೆ ಇನ್ನೂ ಪ್ರಿಯ. ಗುಜರಾತಿನಲ್ಲಿ ಪಟ್ನಾಯಕ್, ಬ್ರನ್ಸ್‌ಕಿಲ್, ಥೀಸ್ ಎಂಬ ಮೂವರು ಆರೋಗ್ಯ ಕಾರ್ಯಕರ್ತರ ಕೈಗೆ ಫೋನು ಕೊಟ್ಟು ಮೂರು ದಾರಿ ಪರೀಕ್ಷಿಸಿದರು. ಫೋನಿನ ಫಾರಂ ತುಂಬಿದಾಗ ತಪ್ಪು ನೂರಕ್ಕೆ 4.2, ಎಸ್ಸೆಮ್ಮೆಸ್ ಕಳಿಸಿದಾಗ 4.5. ಮೂರನೆಯದು, ಫೋನಿನ ಆ ತುದಿಯಲ್ಲಿ ಮನುಷ್ಯನೇ ಕೂತು ಕೇಳಿ ಬರೆದುಕೊಂಡಾಗ? 0.45. ಸುಮಾರು ಹತ್ತರಲ್ಲೊಂದು ಪಾಲು! ಓದುವವನೊಬ್ಬ, ಟಿಕ್ ಹಾಕುವವನೊಬ್ಬ. ನಮ್ಮ ಕಾಲಿಂಗ್ ಓವರೇ ಫೋನು ಹತ್ತಿ ಬಂದಿತ್ತು. ಧ್ವನಿಮುದ್ರಿಸಿದ ದನಿಗೂ ಇದಕ್ಕೂ ವ್ಯತ್ಯಾಸವಿದೆ. ಮುದ್ರಿಸಿದ ದನಿ ಕೇಳುತ್ತದೆ ಅಷ್ಟೆ, "ಹೌದಾ? ಇನ್ನೊಮ್ಮೆ ಹೇಳಿ" ಅಂತ ಅನುಮಾನ ಪಡುವುದು ಮನುಷ್ಯ.

ಮುಂದಿನದು ನಿಮಗೆಲ್ಲ ಗೊತ್ತಿರುವುದೇ. 2006ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಪ್ರತಿನಿಧಿಗಳ ಮೂಲಕ ಹಳ್ಳಿ ಸೇವೆಗೆ ಅನುಮತಿ ಕೊಟ್ಟ ಮೇಲೆ, ಅವರು ಹೊತ್ತು ತಂದ ಕೆಲವು ಯಂತ್ರಗಳು ಊರ ಭಾಷೆಯಲ್ಲಿ ಮೊತ್ತ ಹೇಳಿದವು. 2012ರಲ್ಲಿ ಅಹಮದಾಬಾದಿನಲ್ಲಿ ಅಂಧರಿಗಾಗಿ ಮಾತಾಡುವ ಎಟಿಎಂ ಬಂತು. 2014ರ ಜುಲೈನಿಂದ ಹೊಸ ಎಟಿಎಂಗಳೆಲ್ಲ ಮಾತಾಡಬೇಕು ಅಂತ ರಿಸರ್ವ್ ಬ್ಯಾಂಕು ಹೇಳಿತು. 2022ರ ಮಾರ್ಚ್ 8ರಂದು ಯುಪಿಐ 123ಪೇ ಶುರುವಾಯಿತು. ಸಾದಾ ಫೋನಿನಿಂದ ಕರೆ ಮಾಡಿದರೆ ದನಿ ಕೇಳುತ್ತದೆ, ನಾವು ಅಂಕಿ ಒತ್ತುತ್ತೇವೆ. ಕ್ಯಾಮ್ ಹಿಡಿದಿದ್ದ ದಾರಿಯೇ ಅದು.

ದನಿಗೂ ದೋಷ ಇದೆ. ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ಕೇಳಿಸುವುದಿಲ್ಲ. ಹೆಂಗಸೊಬ್ಬಳ ಕೈಗೆ ಬಂದ ದುಡ್ಡು ಎಷ್ಟು ಅಂತ ನೆರೆದವರಿಗೆಲ್ಲ ಸಾರುತ್ತದೆ, ಕುಡುಕ ಗಂಡ ಪಕ್ಕದಲ್ಲಿದ್ದರೆ ಕಥೆ ಮುಗಿಯಿತು. ಒತ್ತುವ ಕೈ ಪ್ರತಿನಿಧಿಯದ್ದೇ ಆಗಿದ್ದರೆ, ದನಿ ಎಷ್ಟು ಸಿಹಿಯಾಗಿದ್ದರೂ ಕಿವಿ ಕೊಟ್ಟು ಎಣಿಸಿಕೊಳ್ಳಬೇಕಾದವರು ದುಡ್ಡಿನ ಒಡತಿಯೇ.

ಆ ಕಾರ್ಯದರ್ಶಿ ಮಾಡಿದ್ದೂ ಅದನ್ನೇ. ಅವತ್ತಿನಿಂದ ಆ ಬ್ರಾಂಚಿನಲ್ಲಿ ಇರುವಷ್ಟು ದಿನವೂ ಪ್ರತಿ ಗುಂಪಿನ ಚಲನನ್ನು ಪಾಸು ಮಾಡುವ ಮೊದಲು ಊರಿನ ಹೆಸರು ಅವರಿಂದಲೇ ಹೇಳಿಸಿ, ಮೊತ್ತವನ್ನು ಗಟ್ಟಿಯಾಗಿ ಓದುತ್ತಿದ್ದೆ. ನನ್ನ ತಮಿಳು ಕೇಳಿ ಕೌಂಟರಿನಾಚೆ ನಗು ಏಳುತ್ತಿತ್ತು. ಏಳಲಿ ಬಿಡಿ, ಕಂತು ತಪ್ಪು ಖಾತೆಗೆ ಹೋಗಲಿಲ್ಲ. ಎಷ್ಟೋ ಸಲ ಅವರೇ ನನ್ನ ಉಚ್ಚಾರ ತಿದ್ದುತ್ತಿದ್ದರು.

ಕಾಫಿ ಕುಡಿದು ಹೊರಟಾಗ ಆ ಡಬ್ಬಿ ಇನ್ಯಾರದೋ ಮೊತ್ತ ಕೂಗುತ್ತಿತ್ತು. ಅಂಗಡಿಯಾತ ಕೈ ನಿಲ್ಲಿಸಿ, ಒಮ್ಮೆ ತಲೆ ಎತ್ತಿ, "ಇನ್ನೂ ಹತ್ತು ರೂಪಾಯಿ ಕೊಡಬೇಕು ಸಾರ್" ಅಂತ ಆ ಗಿರಾಕಿಯನ್ನು ಕರೆದ.