ಮೈಲಾರದ ಕಾರಣಿಕ

ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಅಲ್ಲಿನ ದೇವರ ದೀಕ್ಷೆ ಪಡೆದ ಗೊರವಯ್ಯ ವರ್ಷಕ್ಕೊಮ್ಮೆ ನುಡಿಯುವ ಭವಿಷ್ಯವಾಣಿ. ಮೈಲಾರಲಿಂಗೇಶ್ವರನೇ ಗೊರವಯ್ಯನ ಬಾಯಿಂದ ಮಾತಾಡುತ್ತಾನೆಂಬುದು ಭಕ್ತರ ನಂಬಿಕೆ. ತುಂಗಭದ್ರೆಯ ದಡದ ಈ ಕ್ಷೇತ್ರ 2021ರಲ್ಲಿ ಹೊಸ ಜಿಲ್ಲೆ ರಚನೆಯಾಗುವವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಬಳ್ಳಾರಿ, ಮೋಕ, ಕುರುಗೋಡು, ಸಿರುಗುಪ್ಪ ಸೀಮೆಯ ಒಕ್ಕಲು ಮನೆಗಳಲ್ಲಿ ಇದರ ಮಾತು ಇಂದಿಗೂ ನಡೆಯುತ್ತದೆ.

ಐತಿಹ್ಯ: ಮಣಿಕಾಸುರ, ಮಲ್ಲಾಸುರ ಎಂಬ ರಕ್ಕಸರು ಋಷಿಗಳನ್ನು ಕಾಡಿದಾಗ ಶಿವನು ಮೈಲಾರನ ರೂಪ ತಾಳಿ ಅವರನ್ನು ಸಂಹರಿಸಿದನೆಂದು ಕಥೆ. ದೇವರೊಡನೆ ದಂಡು ಕಟ್ಟಿಕೊಂಡು ಹೋದ ಏಳು ಕೋಟಿ ಗಣಗಳ ನೆನಪು ಭಕ್ತರ ‘ಏಳುಕೋಟಿಗೋ’ ಎಂಬ ಕೂಗಿನಲ್ಲಿದೆ. ಮಹಾರಾಷ್ಟ್ರದ ಜೆಜುರಿಯ ಖಂಡೋಬ, ತೆಲುಗು ನಾಡಿನ ಮಲ್ಲನ್ನ ಇದೇ ಪರಂಪರೆಯ ದೈವಗಳು.

ಆಚರಣೆ: ರಥಸಪ್ತಮಿಗೆ ಆರಂಭವಾಗುವ ಜಾತ್ರೆ ಭರತ ಹುಣ್ಣಿಮೆಯ ಹೊತ್ತಿಗೆ ಕಳೆಗಟ್ಟುತ್ತದೆ. ಹುಣ್ಣಿಮೆ ಕಳೆದ ಮೇಲೆ ಡೆಂಕನಮರಡಿ ಎಂಬ ಬಯಲಿನಲ್ಲಿ ಕಾರಣಿಕ. ಉಪವಾಸ ವ್ರತದಲ್ಲಿರುವ ಗೊರವಯ್ಯ, ನೆಟ್ಟಗೆ ನಿಲ್ಲಿಸಿದ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾರೆ. ಲಕ್ಷಾಂತರ ಜನ ತುಂಬಿದ ಬಯಲು ಆ ಒಂದು ಮಾತಿಗೆ ಮೌನವಾಗುತ್ತದೆ. ಆಗ ‘ಪರಾಕ್’ ಎಂದು ಮುಗಿಯುವ ಒಂದೇ ಒಂದು ನುಡಿ ಹೊರಡುತ್ತದೆ. ನುಡಿದೊಡನೆ ಗೊರವಯ್ಯ ಮೇಲಿಂದ ಬೀಳುತ್ತಾರೆ. ಕೆಳಗೆ ನಿಂತ ಗೊರವರು ಅವರನ್ನು ಹಿಡಿದುಕೊಳ್ಳುತ್ತಾರೆ.

ಅರ್ಥೈಸುವ ಬಗೆ: ಕಾರಣಿಕದ ನುಡಿ ಒಗಟಿನಂತಿರುತ್ತದೆ. ಮಳೆ, ಬೆಳೆ, ರೋಗರುಜಿನ, ಆಳುವವರ ಏಳುಬೀಳು ಇವುಗಳಿಗೆ ಅದನ್ನು ಹೊಂದಿಸಿ ಕೇಳಿದವರು ಅರ್ಥ ಹೇಳುತ್ತಾರೆ. ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ, ಊರ ಕಟ್ಟೆಗಳಲ್ಲಿ ಚರ್ಚೆಯಾಗುತ್ತದೆ. ರಾಜಕಾರಣಿ ಒಂದು ಅರ್ಥ ಕಂಡರೆ ರೈತ ಇನ್ನೊಂದನ್ನು ಕಾಣುತ್ತಾನೆ. ದೇವರ ಮಾತಿಗೆ ಇದೇ ಅರ್ಥವೆಂದು ಗೆರೆ ಕೊರೆಯದೆ ಊರೇ ಕೂತು ಆಲೋಚಿಸುವ ಈ ಕ್ರಮ ಕಾರಣಿಕದ ದೊಡ್ಡ ಗುಣ. ಅಷ್ಟು ಜನ ತಮ್ಮ ಮಾತು ನಿಲ್ಲಿಸಿ ಒಂದು ದನಿಗೆ ಕಿವಿಗೊಡುವುದೇ ಒಂದು ಬಗೆಯ ಪೂಜೆ.

ನಿತ್ಯಜೀವನದಲ್ಲಿ: ಮೈಲಾರಲಿಂಗನ ಸಾನ್ನಿಧ್ಯ ಜಾತ್ರೆಯ ಬಯಲಿಗಷ್ಟೇ ಸೀಮಿತವಲ್ಲ. ಅವನನ್ನು ಮನೆದೇವರಾಗಿ ಉಳ್ಳವರು ಭಾನುವಾರ ಪೂಜೆ ಮಾಡಿ ಹಣೆಗೆ ಭಂಡಾರ (ಅರಿಸಿನದ ಪುಡಿ) ಹಚ್ಚಿಕೊಳ್ಳುತ್ತಾರೆ. ಹರಕೆ ತೀರಿದಾಗ ಗೊರವರನ್ನು ಕರೆಸಿ, ಹಾಲು, ತುಪ್ಪ, ಬಾಳೆಹಣ್ಣುಗಳಿಂದ ಅವರ ದೋಣಿ ಎಂಬ ಪಾತ್ರೆ ತುಂಬಿಸುತ್ತಾರೆ. ಕರಿ ಕಂಬಳಿ ತೊಟ್ಟು ಡಮರುಗ ನುಡಿಸುವ ಗೊರವರಲ್ಲಿ ಕುರುಬ ಸಮುದಾಯದವರು ಹೆಚ್ಚಾಗಿದ್ದರೂ ದೀಕ್ಷೆ ಪಡೆದ ಇತರ ಜಾತಿಯವರೂ ಇದ್ದಾರೆ. ದೇವರ ಮಡದಿಯರಾದ ಗಂಗಿಮಾಳಮ್ಮ, ಕುರುಬತ್ಯವ್ವರಿಗೂ ಪೂಜೆ ಸಲ್ಲುತ್ತದೆ.

ಕಾರಣಿಕಕ್ಕೆ ಜನ ಇಷ್ಟು ಕಿವಿಗೊಡುವುದಕ್ಕೆ ಕಾರಣವೂ ಇದೆ: ಬಳ್ಳಾರಿ ಸೀಮೆಯಲ್ಲಿ ಮಳೆ ಕಡಿಮೆ. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿದ ಮೇಲೆ ಸಿರುಗುಪ್ಪ ಕಡೆ ಭತ್ತದ ಗದ್ದೆಗಳಾದವು. ಆದರೂ ಜೋಳ, ಹತ್ತಿ ಬಿತ್ತುವ ಕರಿಮಣ್ಣಿನ ಹೊಲಗಳು ಇಂದಿಗೂ ಮುಗಿಲನ್ನೇ ನಂಬಿವೆ. ಕಾಲುವೆಯ ನೀರೂ ಮಲೆನಾಡಿನ ಮಳೆಯ ಪಾಲೇ. ಬಿತ್ತನೆಗೆ ಮುನ್ನ ದೇವರ ಮಾತು ಕೇಳುವ ಹಂಬಲ ಈ ಅನಿಶ್ಚಯದಿಂದ ಹುಟ್ಟಿದ್ದು.

ಇತರ ಪರಂಪರೆಗಳು: ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ವೇಳೆ ಕಾರಣಿಕ ನಡೆಯುತ್ತದೆ. 12ನೆಯ ಶತಮಾನದ ಶರಣರು ಬೇರೆ ದಾರಿ ತೋರಿದರು: ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸಿ ದೇವರನ್ನು ಕಾಣುವುದು, ಅರಿವನ್ನೇ ಗುರುವಾಗಿಸಿಕೊಳ್ಳುವುದು, ಕಾಯಕದಲ್ಲಿ ಆತನನ್ನು ಸೇವಿಸುವುದು. ಈ ಸೀಮೆಯ ಹಳ್ಳಿಗಳಲ್ಲಿ ಎರಡು ದಾರಿಗಳೂ ಜೊತೆಜೊತೆಗೆ ಬಾಳಿವೆ. ಕಾರಣಿಕ ಹವಾಮಾನ ವರದಿಯ ಬದಲಿಯಾಗಲಾರದು, ಆಗಬೇಕಾದ್ದೂ ಇಲ್ಲ. ಮಳೆ ಬಂದರೂ ಬಾರದಿದ್ದರೂ ದೇವರು ಕೈಬಿಡನೆಂಬ ಧೈರ್ಯವನ್ನು ಒಕ್ಕಲಿಗೆ ವರ್ಷವರ್ಷವೂ ಕೊಡುತ್ತ ಬಂದಿರುವುದೇ ಅದರ ನಿಜವಾದ ಬೆಲೆ.